ಪಟ್ಟಿಯಲ್ಲಿ ಬಿಟ್ಟ ಪಾಪ

ಮಂಗಳವಾರ ಬೆಳಿಗ್ಗೆ ಭೋಜನ್‌ನ ಮಗ ರಾಜೇಂದ್ರನ್ ಬಂದು, ಅಪ್ಪ ತೀರಿಕೊಂಡರು, ಸಾವಿನಲ್ಲಿ ಪಾಪ ಹೇಳುವುದು ನೀವೇ ಆಗಬೇಕೆಂದು ಹೇಳಿ ಹೋಗಿದ್ದಾರೆ ಎಂದಾಗ ನಾನು ಹೆದರಿಬಿಟ್ಟೆ. ಸೈನ್ಯದಿಂದ ಮೇಜರ್ ಆಗಿ ನಿವೃತ್ತನಾದವನು ನಾನು. ಗೋಡೆಯ ಮೇಲೆ ಪದಕಗಳಿವೆ. ಪದಕಕ್ಕೇನು, ಮೊಳೆ ಹೊಡೆದರೆ ಯಾರ ಗೋಡೆಯಲ್ಲೂ ನೇತಾಡುತ್ತದೆ.

ನೀಲಗಿರಿಯ ನಮ್ಮ ಬಡಗರಲ್ಲಿ ಹಿರಿಯನೊಬ್ಬ ಹೆಣದ ಮುಂದೆ ನಿಂತು ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳಬೇಕು. ಸೇರಿದವರು ಪ್ರತಿಯೊಂದಕ್ಕೂ ‘ಪಾಪ’ ಎನ್ನಬೇಕು. ಹಿಂದೆ ಅವೆಲ್ಲ ಒಂದು ಕರುವಿನ ಮೇಲೇರಿ ಹೋಗುತ್ತಿದ್ದವು. ಈಗ ನಮ್ಮ ಹಟ್ಟಿಯಲ್ಲಿ ಕರುವಿಲ್ಲ, ಮಾತಷ್ಟೇ. ಸತ್ತವನು ಮಾಡಿರಲಿ ಬಿಡಲಿ, ಪಟ್ಟಿ ಪೂರ್ತಿ ಹೇಳಬೇಕು. ಬಿಟ್ಟದ್ದು ಅವನ ಹೆಗಲ ಮೇಲೇ ಉಳಿಯುತ್ತದೆ. ಅದರಲ್ಲೊಂದು, ಚಳಿಗೆ ನಡುಗುತ್ತ ಬಂದವನಿಗೆ ಕಿಚ್ಚು ಕೊಡಲಿಲ್ಲ ಎಂಬುದು. ನನ್ನ ಭಯವೆಲ್ಲ ಆ ಒಂದು ಮಾತಿನದು.

ಎಪ್ಪತ್ತೊಂದರ ಡಿಸೆಂಬರ್. ಉತ್ತರದ ಗಡಿಯ ಹಿಮದಲ್ಲಿ ನಾನು ಲೆಫ್ಟಿನೆಂಟ್, ನನ್ನ ಕೈಕೆಳಗಿನ ಜವಾನರಲ್ಲಿ ನಮ್ಮ ಹಟ್ಟಿಯವನೇ ಆದ ಭೋಜನ್. ಒಂದು ಮಧ್ಯಾಹ್ನ ಆಚೆ ಕಡೆಯ ಸೈನಿಕನೊಬ್ಬ ಎರಡೂ ಕೈ ಎತ್ತಿಕೊಂಡು ನಮ್ಮ ಬಂಕರಿಗೆ ಬಂದ. ಕಾಲ್ಬೆರಳು ಕಪ್ಪಾಗಿದ್ದವು. ಮಾತು ಹೊರಡಲಿಲ್ಲ, ಅಂಗೈ ಉಜ್ಜಿ ತೋರಿಸಿದ. ಭೋಜನ್ ಸೀಮೆಎಣ್ಣೆ ಸ್ಟೌ ಹತ್ತಿಸಿದ. ನಾನು ಆರಿಸೆಂದೆ. ಹೊಗೆ ಕಂಡರೆ ಶೆಲ್ ಬೀಳುತ್ತದೆ ಎಂದೆ. ಭೋಜನ್ ನನ್ನ ಮುಖ ನೋಡಿ, ಆರಿಸಿದ. ಸಂಜೆಯೊಳಗೆ ಆ ಮನುಷ್ಯ ಕೂತಲ್ಲೇ ಸೆಟೆದುಕೊಂಡ. ಗಾಯದಿಂದ ಸತ್ತ ಎಂದು ನಾನು ವರದಿ ಬರೆದೆ.

ಆದರೆ ಅವನ ಮೈಮೇಲೆ ಗಾಯವೇ ಇರಲಿಲ್ಲ. ಅಂದಿನ ಮಂಜಿನಲ್ಲಿ ಹೊಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನು ಹೆದರಿದ್ದೆ, ಅಷ್ಟೇ.

ಆಮೇಲೆ ಐವತ್ತು ವರ್ಷಕ್ಕೂ ಮೇಲೆ ಭೋಜನ್ ಬಾಯಿ ಬಿಡಲಿಲ್ಲ. ನಾನು ರಜೆಗೆ ಬಂದಾಗಲೆಲ್ಲ, ನಿವೃತ್ತನಾದ ಮೇಲೆ ದಿನವೂ, ಕಟ್ಟಬೆಟ್ಟು ಪೇಟೆಯಲ್ಲಿ ಟೀ ಎಲೆ ಹಾಕುವ ಶೆಡ್ಡಿನ ಹತ್ತಿರ ಸಿಗುತ್ತಿದ್ದ. ‘ಸಾರ್’ ಎಂದು ತಲೆಬಾಗಿಸುತ್ತಿದ್ದ. ಅವನು ಯಾರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದರೂ ನಾನು ಅಲ್ಲೇ ನಿಂತು ಕಿವಿಗೊಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಈಗ ಸತ್ತ ಮೇಲೆ, ಊರೆಲ್ಲ ಸೇರಿದಾಗ ನನ್ನ ಬಾಯಿಂದಲೇ ಅದನ್ನು ಹೇಳಿಸಲು ಹೊರಟಿದ್ದಾನೆ. ಸೇಡು ಎಂದುಕೊಂಡೆ. ಜ್ವರವೆಂದು ಸುಳ್ಳು ಹೇಳೋಣ ಎನ್ನಿಸಿತು. ಆದರೆ ರಾಜೇಂದ್ರನ್ ಬಾಗಿಲಲ್ಲೇ ಕಾದು ನಿಂತಿದ್ದ.

ಮಧ್ಯಾಹ್ನ ಮಂಜು ಕವಿಯಿತು. ಹೆಣದ ಮುಂದೆ ನಿಂತು ಶುರುಮಾಡಿದೆ. ಎಲ್ಲೆಕಲ್ಲು ಸರಿಸಿದ, ನೀರು ಕದಡಿದ, ದಾರಿ ತಪ್ಪಿಸಿದ. ಪಾಪ, ಪಾಪ, ಪಾಪ. ಆ ಮಾತು ಬಂದಾಗ ನಾಲಿಗೆ ತಾನಾಗಿಯೇ ಅದನ್ನು ದಾಟಿ ಮುಂದಿನದಕ್ಕೆ ಹೋಯಿತು.

ಯಾರೂ ‘ಪಾಪ’ ಎನ್ನಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಪಟ್ಟಿ, ಎಲ್ಲರಿಗೂ ಬಾಯಿಪಾಠ. ಹಟ್ಟಿಯ ಹಿರಿಯ ಮಾದನ್ ಮೆಲ್ಲಗೆ ಹೇಳಿದ:

“ಕಿಚ್ಚಿಂದು ಬಿಟ್ಟೋತಲ್ಲ.”

ಬಿಟ್ಟರೆ ಅದು ಭೋಜನ್‌ನ ಹೆಗಲಿಗೆ. ಹೇಳಿದರೂ ಅವನು ಮಾಡಿದ ಎಂದೇ ಆಗುತ್ತದೆ. ಹಾಸಿದ ಬಟ್ಟೆಯ ಮೇಲೆ ಅವನ ಕೈ ಕಾಣುತ್ತಿತ್ತು, ಸ್ಟೌ ಹತ್ತಿಸಿದ ಕೈ.

“ಕಿಚ್ಚು ಹತ್ತಿಸಿದ್ದು ಭೋಜ. ಕೆಡಿಸಿದ್ದು ನಾ,” ಎಂದೆ.

ಹೆಣದ ಮುಂದೆ ಬದುಕಿರುವವನ ಪಾಪ ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಅಪಶಕುನವೆಂದು ಮಾದನ್ ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲರ ಕಣ್ಣೂ ನನ್ನ ಮೇಲೆ. ಅಷ್ಟು ಭಯ ನನಗೆ ಗಡಿಯಲ್ಲಿಯೂ ಆಗಿರಲಿಲ್ಲ. ಆಗ ಭೋಜನ್‌ನ ಹೆಂಡತಿ ವಸಂತಾಮಣಿ ತಲೆ ಎತ್ತಿ, “ಪಾಪ” ಎಂದಳು. ಅವಳ ಹಿಂದೆ ಮಾದನ್, ಆಮೇಲೆ ಎಲ್ಲರೂ.

ಎಲ್ಲ ಮುಗಿದ ಮೇಲೆ ಅವಳು ಅಂಗಳಕ್ಕೆ ಬಂದಳು. ಭೋಜನ್ ಆ ಬಂಕರಿನ ವಿಷಯ ಅವಳಿಗೆ ಎಂದೋ ಹೇಳಿದ್ದನಂತೆ. ಕೊನೆಯ ದಿನ ಆಡಿದ ಮಾತನ್ನು ಇದ್ದ ಹಾಗೇ ಒಪ್ಪಿಸಿದಳು:

“ನಾ ಹೋದ ಮೇಲೆ ಸಾರ್ ಮಾಡಿದ ಪಾಪ ಕಂಡ ಆಳು ಇಲ್ಲೆ. ಅವರ ಸಾವಿಲಿ ಅದ ಹೇಳುವವರು ಯಾರು? ಎನ್ನ ಸಾವಿಲೇ ಹೇಳಲಿ. ಎನ್ನದರ ಜೊತೆ ಅದೂ ಹೋಗಲಿ.”

ನನಗೆ ಅಳು ಬಂತು. ನಾನು ಐವತ್ತು ವರ್ಷ ಹೆದರಿದ್ದು ಇವನಿಗೆ.

ಬಂದವರಿಗಾಗಿ ಅಂಗಳದಲ್ಲಿ ಸೌದೆ ಉರಿ ಹಾಕಿದ್ದರು. ನಾನು ನಡುಗುವುದನ್ನು ನೋಡಿ ವಸಂತಾಮಣಿ ಕುರ್ಚಿಯನ್ನು ಅದರ ಹತ್ತಿರ ಎಳೆದು ಕೂರಿಸಿದಳು. ಆ ಕಿಚ್ಚಿಗೆ ಕೈ ಚಾಚಲು ನನಗೆ ಬಹಳ ಹೊತ್ತು ಹೆದರಿಕೆಯಾಯಿತು.