ಬೆರಳ ತುದಿಯ ನೀಲಿ ಹಡಗು

ಈರಪ್ಪ ಮಾಸ್ತರರಿಗೆ ಇಬ್ಬರು ಹೆಂಡಿರು, ಒಬ್ಬಳು ಮಗ್ಗದ ಮುಂದೆ ಕೂತಿರುತ್ತಾಳೆ, ಇನ್ನೊಬ್ಬಳು ಟ್ರಂಕಿನೊಳಗೆ ಮಲಗಿರುತ್ತಾಳೆ ಎಂದು ಇಳಕಲ್ಲಿನ ಆ ಓಣಿ ಮೂವತ್ತು ವರ್ಷ ನಗುತ್ತ ಬಂದಿತ್ತು. ಮಗ್ಗದ ಮುಂದೆ ಕೂತವಳು ಗುರುಲಿಂಗವ್ವ. ಟ್ರಂಕಿನೊಳಗೆ ಮಲಗಿದ್ದು ಅಂಚೆಚೀಟಿ ಸಿಕ್ಕಿಸಿಟ್ಟ ದಪ್ಪ ಪುಸ್ತಕಗಳು.

ಮಾಸ್ತರರು ಸಾಲಿ ಬಿಟ್ಟ ಕೂಡಲೇ ಹುನಗುಂದದ ವಕೀಲರ ಮನೆ ಸುತ್ತುವವರು. ಕೆಂಪು ಕಲ್ಲನ್ನು ಪರದೇಶಕ್ಕೆ ಕಳಿಸುವ ವ್ಯಾಪಾರಿಗಳ ಕಚೇರಿಯಲ್ಲಿ ಕಸದ ಬುಟ್ಟಿಗೆ ಕೈಹಾಕುವವರು. ಲಕೋಟೆಯ ಮೂಲೆ ಕತ್ತರಿಸಿ ತಂದು, ನೀರಿನಲ್ಲಿ ನೆನೆಹಾಕಿ, ಚೀಟಿ ತಾನಾಗಿ ಬಿಟ್ಟು ತೇಲುವವರೆಗೆ ಕಾಯುವವರು. ನೀರು ಹಾಕಲು ಅವರಿಗೆ ಸಿಗುತ್ತಿದ್ದದ್ದು ಗುರುಲಿಂಗವ್ವನ ಊಟದ ತಾಟೇ.

"ನಾ ರೊಟ್ಟಿ ಎದರಾಗ ತಿನ್ಲಿ? ನನ್ನ ತಾಟಿನ್ಯಾಗ ಯಾವಕಿನೋ ರಾಣಿ ಈಸಾಡಾಕತ್ತಾಳ," ಎಂದು ಅವಳು ಕೂಗಾಡಿದರೆ ಮಾಸ್ತರರು ತಲೆ ಎತ್ತುತ್ತಿರಲಿಲ್ಲ.

"ಮುಟ್ಟಬ್ಯಾಡ," ಎನ್ನುತ್ತಿದ್ದರು, ಅಷ್ಟೇ. ಆ ಮನೆಯಲ್ಲಿ ದೇವರ ಜಗಲಿಯನ್ನು ಮುಟ್ಟಬಹುದಿತ್ತು, ಆ ಪುಸ್ತಕ ಮುಟ್ಟುವ ಹಾಗಿರಲಿಲ್ಲ.

ಅಷ್ಟೂ ಚೀಟಿಗಳಲ್ಲಿ ಮಾಸ್ತರರ ಜೀವವಿದ್ದದ್ದು ಒಂದರ ಮೇಲೆ. ನೀಲಿ ಬಣ್ಣದ್ದು, ಅದರಲ್ಲೊಂದು ಹಾಯಿ ಹಡಗು. ಒಮ್ಮೆ ಸಾಲಿ ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋದಾಗ, ಬಿಸಿಲಿಗೆ ತಲೆಸುತ್ತಿ ಕೂತಿದ್ದ ಪರದೇಶದ ಹೆಂಗಸೊಬ್ಬಳಿಗೆ ನೀರು ಕೊಟ್ಟಿದ್ದರಂತೆ. ಅವಳು ಕೈಚೀಲ ತಡಕಿ ಈ ಚೀಟಿ ಕೊಟ್ಟಳು. ಎಂದೂ ಲಕೋಟೆ ಹತ್ತಿದ್ದಲ್ಲ, ಹಿಂದಿನ ಗೋಂದು ಹಾಗೇ ಇತ್ತು. ಸೆಕೆಗೆ ಹಾಳೆಗೆ ಅಂಟೀತೆಂದು ಅದೊಂದನ್ನು ಮಾತ್ರ ಬೆಣ್ಣೆ ಕಾಗದದ ಪುಟ್ಟ ಚೀಲದಲ್ಲಿ ಬೇರೆಯಾಗಿ ಇಟ್ಟಿದ್ದರು. ಸಮುದ್ರ ಕಂಡವರಲ್ಲ ಮಾಸ್ತರರು. ಮಲಪ್ರಭೆ ಉಕ್ಕಿದ್ದೇ ಅವರು ಕಂಡ ದೊಡ್ಡ ನೀರು. ವಾರಕ್ಕೊಮ್ಮೆ ಭೂತಗನ್ನಡಿ ಹಿಡಿದು ಆ ಹಡಗನ್ನು ನೋಡಿದರೆ ಅವರಿಗೆ ಸಮುದ್ರ ನೋಡಿ ಬಂದಷ್ಟು ತೃಪ್ತಿ.

ಒಂದು ವರ್ಷ ಅವರ ಕಣ್ಣು ಕೈಕೊಟ್ಟಿತು. ಬಾಗಲಕೋಟೆಯ ಕಣ್ಣಿನ ಡಾಕ್ಟರರು ದೀಪ ಹಾಕಿ ನೋಡಿ, ಒಳಗಿನ ಪರದೆ ಸವೆದಿದೆ, ಇದಕ್ಕೆ ಆಪರೇಶನ್ನು ಇಲ್ಲ ಎಂದರು. "ಸಣ್ಣದು ಇನ್ನ ಕಾಣೂದಿಲ್ರಿ ಮಾಸ್ತರ. ದೊಡ್ಡದು ಸ್ವಲ್ಪ ದಿನ ಕಾಣತೈತಿ. ಎಷ್ಟು ದಿನ ಅಂತ ನಾ ಹೇಳಾಕ ಆಗೂದಿಲ್ಲ."

ಮನೆಗೆ ಬಂದವರೇ ಮಾಸ್ತರರು ಟ್ರಂಕು ತೆರೆದು ಹಡಗಿನ ಚೀಟಿಯ ಮೇಲೆ ಭೂತಗನ್ನಡಿ ಹಿಡಿದರು. ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ಮೆಲ್ಲಗೆ ಮುಚ್ಚಿಟ್ಟರು.

"ಬರೇ ನೀಲಿ ಕಾಣತೈತಿ. ಹಡಗ ಇಲ್ಲ," ಅಂದರು.

ಗುರುಲಿಂಗವ್ವ ಸವತಿ ಸವತಿ ಎಂದು ಬೈದುಕೊಂಡು ಬಂದಿದ್ದಳಲ್ಲ, ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಇವರಿಗೆ ಆ ಹಡಗನ್ನು ಇನ್ನೊಂದು ಸಲ ತೋರಿಸದಿದ್ದರೆ ನಾನು ಹೆಂಡತಿ ಆದದ್ದಾದರೂ ಯಾಕೆ ಎನ್ನಿಸಿತು.

ಉಪಾಯ ಹೊಳೆದದ್ದು ಟಾಕೀಸಿನಲ್ಲಿ. ತಂಗಿಯ ಒತ್ತಾಯಕ್ಕೆ ಒಂದು ಮಧ್ಯಾಹ್ನ ಸಿನಿಮಾಕ್ಕೆ ಹೋಗಿದ್ದಳು. ಆಟ ಸುರುವಾಗುವ ಮೊದಲು ಪರದೆಯ ಮೇಲೆ ಸೀರೆ ಅಂಗಡಿಯ ಹೆಸರು ಬಂತು, ಹಲ್ಲುಪುಡಿ ಬಂತು. ಒಂದೊಂದು ಅಕ್ಷರ ಆಳೆತ್ತರ. ಇವನ್ನೆಲ್ಲ ಪೇಟೆಯ ಫೋಟೋದಂಗಡಿ ಖಾಸಿಂಸಾಬ ಅಂಗೈಯಗಲದ ಗಾಜಿನ ಮೇಲೆ ಮಾಡಿಕೊಡುತ್ತಾನೆಂಬುದು ಊರಿಗೇ ಗೊತ್ತಿತ್ತು. ಗುರುಲಿಂಗವ್ವ ಮಧ್ಯಂತರಕ್ಕೇ ಎದ್ದು ಅವನ ಅಂಗಡಿಗೆ ನಡೆದಳು.

"ಯಪ್ಪಾ ಖಾಸಿಂ, ಹಲ್ಲುಪುಡಿ ಡಬ್ಬಿನ ಗ್ವಾಡಿಯಷ್ಟು ಮಾಡ್ತಿ. ನಿಮ್ಮ ಮಾಸ್ತರ ಅಂಚಿ ತಿಕೀಟು ಮಾಡಾಕ ಬರಂಗಿಲ್ಲೇನು?"

ಖಾಸಿಂಸಾಬ ಮಾಸ್ತರರ ಕೈಯಲ್ಲಿ ಕಲಿತವನು. ಅವರ ಬೆತ್ತದ ರುಚಿ ಅವನ ಅಂಗೈ ಇನ್ನೂ ಮರೆತಿರಲಿಲ್ಲ, ಆದರೂ ಕಣ್ಣಿನ ಸುದ್ದಿ ಕೇಳಿ ಅವನ ಮುಖ ಬಾಡಿತು. "ಬರತೈತ್ರಿ ಅವ್ವಾರ. ಲಗ್ನದ ಫೋಟೋಕ್ಕಂತ ತರಿಸಿದ ಬಣ್ಣದ ಫಿಲ್ಮ್ ಒಂದೈತಿ. ತೊಳ್ಯಾಕ ಮುಂಬಯಿಗೆ ಕಳಸಬೇಕು. ಆದ್ರ ಇರೂದು ಒಂದ ರೀಲು, ತಪ್ಪಿದ್ರ ಮತ್ತೊಂದು ನನ್ನ ಹಂತ್ಯಾಕ ಇಲ್ಲ."

ಮುಂದಿನ ಶುಕ್ರವಾರ ಅವನು ಹಾರ್ಮೋನಿಯಂ ತಿದಿಯಂತೆ ಮೂತಿ ಚಾಚುವ ಹಳೆಯ ಕ್ಯಾಮೆರಾ ಹೊತ್ತು ಬಂದ. ಪಡಸಾಲೆಯಲ್ಲಿ ಮಗ್ಗದ ಪಕ್ಕ ಮೇಜು ಹಾಕಿ, ಕ್ಯಾಮೆರಾದ ಮೂತಿಯನ್ನು ನೆಲಕ್ಕೆ ತಿರುಗಿಸಿ ಕಟ್ಟಿ, ಎರಡೂ ಬದಿಗೆ ದೀಪ ನಿಲ್ಲಿಸಿದ. ಈಗ ಪ್ರಶ್ನೆ ಬಂದದ್ದು, ಚೀಟಿ ಎತ್ತಿಡುವವರು ಯಾರು? ಖಾಸಿಂನ ಕಣ್ಣು ಕ್ಯಾಮೆರಾಕ್ಕೆ ಬೇಕು. ಮಾಸ್ತರರ ಕೈ ನಡುಗುತ್ತದೆ.

ಮಾಸ್ತರರು ತಮ್ಮ ಚಪ್ಪಟೆ ತುದಿಯ ಚಿಮಟಿಗೆಯನ್ನು ಹೆಂಡತಿಯ ಕಡೆಗೆ ಚಾಚಿದರು. ಕೆಲವರು ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಸಂಕಟಪಡುವುದಿಲ್ಲ.

"ಬೆರಳ ತಾಗಿಸಬ್ಯಾಡ. ಕೈ ಬೆವರ ಅಂದ್ರ ಅವಕ್ಕ ವಿಷ. ಚಿಮಟಿಗಿ ಒತ್ತಬ್ಯಾಡ, ಅಡಿಗೆ ಜಾರಿಸಿ ಎತ್ತು. ಫ್ಯಾನ್ ಬಂದ್ ಇರ್ಲಿ. ಅವುಗಳ ಮ್ಯಾಲ ಉಸಿರ ಬಿಡಬ್ಯಾಡ. ದೀಪದ ಕಾವಿಗೆ ಸುರುಳಿ ಸುತ್ತತಾವ, ಪಟ್ಟಂತ ಫೋಟೋ ತಗಿಸಿ ಪಟ್ಟಂತ ಸರಿಸು. ಒಂದು ಪುಸ್ತಕದಾಗಿನ ತನ್ನ ಮನಿ ಸೇರಿದ ಮ್ಯಾಲ ಇನ್ನೊಂದನ್ನ ಕರಿ."

"ಮುಟ್ಟಬ್ಯಾಡ ಅಂತ ಮೂವತ್ತ ವರ್ಷ ಕಲಿಸೀರಿ. ಈಗ ಒಂದ ತಾಸಿನ್ಯಾಗ ಮುಟ್ಟೂದು ಕಲಸ್ರಿ," ಎಂದಳು ಗುರುಲಿಂಗವ್ವ.

ಆದರೆ ಮೊದಲನೆಯ ಚೀಟಿ ಚಿಮಟಿಗೆಗೆ ಬಂದಾಗ ಅವಳಿಗೆ ಉಸಿರು ಬಿಡಬೇಡವೆಂದು ಯಾರೂ ಹೇಳಬೇಕಿರಲಿಲ್ಲ, ಅದು ತಾನಾಗಿ ನಿಂತುಹೋಯಿತು. ಉಗುರಿನಷ್ಟು ಕಾಗದ. ಅದರಲ್ಲೊಂದು ನವಿಲು, ನವಿಲಿನ ಗರಿಗರಿಯಲ್ಲೂ ಕಣ್ಣು. ಇಂಥದನ್ನು ಯಾವ ಪುಣ್ಯಾತ್ಮ ಕೆತ್ತಿದ! ಸೀರೆಯ ಸೆರಗಿನಲ್ಲಿ ಒಂದು ತೇರು ಮೂಡಿಸಲು ಅವಳಿಗೆ ಇಡೀ ದಿನ ಬೇಕು. ಇಲ್ಲಿ ಒಂದು ಜಗತ್ತೇ ಉಗುರಿನೊಳಗೆ ಮಡಚಿ ಕೂತಿತ್ತು. ಇಷ್ಟು ದಿನ ಇದನ್ನು ಬೈದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನವಿಲು ಹೋಯಿತು, ಮುಕುಟದ ರಾಣಿ ಬಂದಳು, ಹಿಮದ ಬೆಟ್ಟ ಬಂತು, ಒಂಟೆ ಬಂತು. ಕ್ಯಾಮೆರಾ ಕಿಟಕ್ಕೆಂದಾಗಲೆಲ್ಲ ಕುರ್ಚಿಯಲ್ಲಿ ಕೂತ ಮಾಸ್ತರರು ತಲೆಯಾಡಿಸುತ್ತಿದ್ದರು. ಬೆವರು ಅವಳ ಮೂಗಿನ ತುದಿಗೆ ಬಂದರೆ ಸೆರಗಿನಿಂದ ಒರೆಸಿಕೊಂಡು ಮತ್ತೆ ಬಾಗುತ್ತಿದ್ದಳು.

"ಇನ್ನ ಒಂದ ಉಳದೈತ್ರಿ ಫಿಲ್ಮಿನ್ಯಾಗ," ಎಂದ ಖಾಸಿಂಸಾಬ.

ಕೊನೆಗೆ ಉಳಿಸಿಕೊಂಡದ್ದು ಹಡಗು. ಗುರುಲಿಂಗವ್ವ ಬೆಣ್ಣೆ ಕಾಗದದ ಚೀಲವನ್ನು ಮೆಲ್ಲಗೆ ಓರೆಮಾಡಿದಳು. ಚೀಟಿ ಬೋರಲಾಗಿ ಜಾರಿ ಬಿತ್ತು, ಚಿತ್ರ ಕೆಳಗೆ, ಗೋಂದು ಮೇಲೆ. ಚಿಮಟಿಗೆಯ ತುದಿ ಅದರ ಅಡಿಗೆ ಹೋಗಲೊಲ್ಲದು, ಎತ್ತಲು ಹೋದರೆ ಚೀಟಿ ಜಾರುತ್ತದೆ. ಒಂದು ಸಲ, ಎರಡು ಸಲ.

ಇಲ್ಲಿ ಆದದ್ದು ನೇಕಾರರಿಗೆ ಮಾತ್ರ ಆಗುವ ತಪ್ಪು. ಮಗ್ಗದಲ್ಲಿ ರೇಷ್ಮೆ ಎಳೆ ಕಡಿದಾಗ, ಅದು ಕಣ್ಣಿಗೂ ಕಾಣದೆ ಕೈಗೂ ಸಿಗದೆ ಆಟವಾಡುವಾಗ, ನೇಯುವವರು ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಎಳೆಯ ಮೇಲಿಡುತ್ತಾರೆ. ಒದ್ದೆ ಬೆರಳಿಗೆ ಎಳೆ ತಾನಾಗಿ ಬಂದು ಕೂರುತ್ತದೆ. ಏಳು ವರ್ಷದವಳಿದ್ದಾಗಿನಿಂದ ಗುರುಲಿಂಗವ್ವನ ಬೆರಳು ಅದನ್ನು ಮಾಡುತ್ತ ಬಂದಿತ್ತು. ಅವಳ ತಲೆ ಬೇಡವೆನ್ನುವ ಮೊದಲೇ ತೋರುಬೆರಳು ನಾಲಿಗೆಗೆ ಹೋಗಿ, ಅಲ್ಲಿಂದ ಗೋಂದಿನ ಮೇಲೆ ಇಳಿದಿತ್ತು.

ಚೀಟಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಬೆರಳಿಗೇ ಅಂಟಿಕೊಂಡು ಬಂತು.

ಖಾಸಿಂಸಾಬ ಕಣ್ಣರಳಿಸಿ ಅವಳ ಬೆರಳನ್ನೇ ನೋಡಿದ.

"ಏನಾತು? ಯಾಕ ಸುಮ್ಮನಾದ್ರಿ?" ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. "ಹಡಗ ಹೆಂಗೈತಿ?"

"ಚಲೋ ಐತ್ರಿ. ಕುಂದರ್ರಿ ನೀವು," ಎಂದಳು. ಮೂವತ್ತು ವರ್ಷದಲ್ಲಿ ಅವರ ಮುಂದೆ ಇಷ್ಟು ದೊಡ್ಡ ಸುಳ್ಳನ್ನು ಅವಳು ಹೇಳಿರಲಿಲ್ಲ.

ಕೀಳಲು ಇನ್ನೊಂದು ಕೈ ತಂದಳು. ಖಾಸಿಂಸಾಬ ಸನ್ನೆಯಿಂದಲೇ ತಡೆದು, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಜಗ್ಗಬ್ಯಾಡ್ರಿ ಅವ್ವಾರ, ಹರೀತೈತಿ. ಮೈ ನೋಡ್ರಿ, ಹಡಗ ಮ್ಯಾಲೇ ಐತಿ, ಸುಕ್ಕ ಸೈತ ಬಿದ್ದಿಲ್ಲ. ಹಂಗ ಬೆರಳ ಇಲ್ಲಿಡ್ರಿ. ಅಲಗ್ಯಾಡಬ್ಯಾಡ್ರಿ."

ಗುರುಲಿಂಗವ್ವ ಅಂಗೈ ಮೇಲ್ಮುಖ ಮಾಡಿ ಮೇಜಿನ ಮೇಲೆ ಬೆರಳು ಚಾಚಿದಳು. ಬಸವಣ್ಣಾ, ಇದೊಂದು ಸಲ ನನ್ನ ಕೈ ನಡುಗದಿರಲಿ ಎಂದು ಬೇಡಿಕೊಂಡಳು. ದೀಪ ಹತ್ತಿತು, ಕ್ಯಾಮೆರಾ ಕಿಟಕ್ಕೆಂದಿತು, ದೀಪ ಆರಿತು. ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಓಡಿ, ಕುದಿಯುವ ನೀರಿನ ಆವಿಗೆ ದೂರದಿಂದಲೇ ಬೆರಳು ಹಿಡಿದು ಕಾದಳು. ಗೋಂದು ಕರಗಿ ಚೀಟಿ ತಾನಾಗಿ ಸಡಿಲಾಯಿತು. ಹಡಗು ಉಳಿಯಿತು, ಗೋಂದು ಹೋಯಿತು. ಪರದೇಶದ ಗೋಂದು ಗುರುಲಿಂಗವ್ವನ ಬೆರಳ ಮೇಲೆ ಒಣಗಿ ಚುರುಚುರು ಎಳೆಯುತ್ತಿತ್ತು.

ಮುಂಬಯಿಯಿಂದ ಫಿಲ್ಮು ಬರುವವರೆಗೆ ಅವಳಿಗೆ ಅನ್ನ ಸೇರಲಿಲ್ಲ. ಬಂದ ಮೇಲೆ ಖಾಸಿಂಸಾಬನ ಅಂಗಡಿಗೆ ಹೋಗಿ, ಟಾಕೀಸಿನಲ್ಲಿ ತೋರಿಸುವಾಗ ಕೊನೆಯದನ್ನು ಹಾಕಬೇಡ ಎನ್ನಲು ಬಾಯಿ ತೆರೆದಳು. ಹಾಕದಿದ್ದರೆ ಹಡಗಿಲ್ಲ. ಹಾಕಿದರೆ ತನ್ನ ತಪ್ಪು ಟಾಕೀಸಿನ ಪರದೆಯಷ್ಟು ದೊಡ್ಡದು. ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು.

ಮಧ್ಯಾಹ್ನದ ಆಟಕ್ಕೆ ಮೊದಲು ಟಾಕೀಸು ಖಾಲಿ. ಯಂತ್ರ ನಡೆಸುವ ಲಕ್ಷ್ಮಪ್ಪನೂ ಮಾಸ್ತರರ ಶಿಷ್ಯನೇ. ಬಾಗಿಲು ಹಾಕಿಸಿ, ಮೇಲಿನ ಕಿಂಡಿಯಿಂದ "ಹಚ್ಚಲೇನ್ರಿ ಮಾಸ್ತರ?" ಎಂದು ಕೂಗಿದ.

ಕತ್ತಲಲ್ಲಿ ನವಿಲು ಎದ್ದು ನಿಂತಿತು. ಎರಡಾಳೆತ್ತರದ ನವಿಲು! ಮಾಸ್ತರರ ಬಾಯಿಂದ "ಯಪ್ಪಾ" ಎಂಬ ಒಂದು ಸದ್ದು ಹೊರಟಿತು. ಎದ್ದು, ಬೆಂಚುಗಳನ್ನು ತಡವುತ್ತ ಪರದೆಯ ಹತ್ತಿರಕ್ಕೆ ನಡೆದರು. ನೆರಳು ಬೀಳದಂತೆ ಅವರನ್ನು ಒಂದು ಬದಿಗೆ ನಿಲ್ಲಿಸಿ ಗುರುಲಿಂಗವ್ವ ಪಕ್ಕದಲ್ಲಿ ನಿಂತಳು. ರಾಣಿಯ ಮುಕುಟದಲ್ಲಿ ಒಂದೊಂದು ಹರಳು ಗುಂಡುಕಲ್ಲಿನಷ್ಟಿತ್ತು. ಹಿಮದ ಬೆಟ್ಟದ ಕೆಳಗೆ ಒಂದು ಗುಡಿಸಲು, ಅದರ ಬಾಗಿಲಲ್ಲಿ ಒಬ್ಬ ಮನುಷ್ಯ.

"ಇಲ್ಲೊಬ್ಬಾಂವ ನಿಂತಾನಲ್ಲ! ಇಷ್ಟ ವರ್ಷ ಭೂತಗನ್ನಡಿ ಹಿಡದೇನಿ, ಇವನ್ನ ನಾ ಕಂಡಿದ್ದಿಲ್ಲ," ಎಂದು ಮಾಸ್ತರರು ಹುಡುಗರಂತೆ ನಕ್ಕರು. ನಗುವಾಗ ಕಣ್ಣೀರು ಗಲ್ಲಕ್ಕೆ ಬಂದಿತ್ತು.

ಆಮೇಲೆ ಹಡಗು ಬಂತು.

ಪರದೆ ತುಂಬ ನೀಲಿ. ಹಾಯಿಯ ಹಗ್ಗ ಹಗ್ಗವೂ ಕಂಡಿತು, ತೆರೆಯ ನೊರೆ ಕಂಡಿತು, ತುದಿಯಲ್ಲೊಂದು ಹಕ್ಕಿ ಕಂಡಿತು. ಮಾಸ್ತರರು ಕೈಮುಗಿದು ನಿಂತರು. ಬಹಳ ಹೊತ್ತಿನ ಮೇಲೆ ಅವರ ದೃಷ್ಟಿ ಹಡಗಿನ ಅಂಚು ದಾಟಿ ಕೆಳಗೆ ಇಳಿಯಿತು.

"ಈ ಗುಡ್ಡ ಎಲ್ಲಿಂದ ಬಂತು?"

ನೀಲಿಯ ಸುತ್ತ ಕೆಂಪು ಕಂದು ಬಣ್ಣದ ಏನೋ ಎದ್ದಿತ್ತು. ಪದರ ಪದರ, ಗೆರೆ ಗೆರೆ, ನಡುನಡುವೆ ಆಳವಾಗಿ ಕೊರೆದ ಸಂದು. ಬಾದಾಮಿಯ ಬಂಡೆಯನ್ನು ಯಾರೋ ತಂದು ಸಮುದ್ರದ ದಂಡೆಗೆ ನಿಲ್ಲಿಸಿದಂತಿತ್ತು.

"ಹಡಗಿನ ಚೀಟಿಯಾಗ ಗುಡ್ಡ ಇದ್ದಿಲ್ಲ. ನನಗ ಬಾಯಿಪಾಠ ಐತಿ ಅದು. ಖಾಸಿಂ, ಏನಲೇ ಇದು?"

ಖಾಸಿಂಸಾಬ ಗುರುಲಿಂಗವ್ವನ ಕಡೆ ನೋಡಿದ. "ಗುಡ್ಡ ಅಲ್ರಿ," ಎಂದಳು. "ನನ್ನ ಬೆರಳು. ಎಳಿ ಎತ್ತಿದಂಗ ನಾಲಿಗಿಗೆ ಹಚ್ಚಿ ಎತ್ತಿಬಿಟ್ಟೆ. ಅಂಟಿ ಬಂತು. ಹಡಗ ಚಲೋ ಐತ್ರಿ, ಗೋಂದಷ್ಟ ಹೋತು. ಬೈರಿ ಬೇಕಾದ್ರ."

ಮಾಸ್ತರರು ಬೈಯಲಿಲ್ಲ. ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ಆ ಗೆರೆಗಳ ಮೇಲೆ ಮೆಲ್ಲಗೆ ಸರಿದರು.

"ಇವು ಯಾಕ ಹಿಂಗ ಕೊರದಾವ?"

"ರೇಷ್ಮಿ ಎಳಿ ಕೊಯ್ದದ್ದರಿ. ಸೀರಿ ಮೈಗೆ ಸೆರಗ ಜೋಡಿಸಿ ಕೊಂಡಿ ಹಾಕುವಾಗ ಕೊಯ್ತೈತಿ."

"ಈ ಕರೀದು?"

"ಬಣ್ಣ. ಹೋಗೂದಿಲ್ರಿ ಅದು."

"ಇಲ್ಲಿ ಒಂದು ದೊಡ್ಡ ಗಾಯ ಮಾದೈತಿ."

"ನನಗ ನೆನಪಿಲ್ರಿ. ನೀವು ತರಬೇತಿಗೆ ಹೋದ ವರ್ಷ ಇರಬೇಕು. ಆಗ ನಾ ಒಬ್ಬಾಕಿನ ಎರಡು ಮಗ್ಗ ನಡಸ್ತಿದ್ದೆ."

ಲೋಕದ ಮೂಲೆ ಮೂಲೆಯ ಚೀಟಿಗೆ ಭೂತಗನ್ನಡಿ ಹಿಡಿದ ಮನುಷ್ಯ, ದಿನವೂ ತಾಟಿಗೆ ರೊಟ್ಟಿ ಹಾಕಿದ ಕೈಯನ್ನು ಅಂದು ಮೊದಲ ಸಲ ನೋಡುತ್ತಿದ್ದರು. ಪರದೆಯ ಮೇಲೆ ಹಡಗು ಇದ್ದೇ ಇತ್ತು, ಆದರೆ ಅವರ ಕಣ್ಣು ಹಡಗಿಗೆ ಮರಳಲಿಲ್ಲ.

"ಗೋಂದು ಹೋದ್ರ ಹೋಗ್ಲಿ," ಎಂದರು. "ನೀ ಚಿಮಟಿಗಿಲೇ ಎತ್ತಿದ್ರ ನಾ ಇದನ್ನ ನೋಡದನ ಕುರುಡ ಆಗ್ತಿದ್ದೆ."

ಮೇಲಿನ ಕಿಂಡಿಯಿಂದ ಲಕ್ಷ್ಮಪ್ಪ ಕೂಗಿದ. "ಮಾಸ್ತರ, ಭಾಳ ಹೊತ್ತಾತ್ರಿ. ದೀಪದ ಕಾವಿಗೆ ಫಿಲ್ಮ್ ಸುಡತೈತಿ. ಏನ್ ಮಾಡ್ಲಿ?"

"ತಗಿಯಪಾ," ಎಂದರು ಮಾಸ್ತರರು. "ಅಸಲಿ ಇಲ್ಲೇ ಐತಿ."

ದೀಪ ಆರಿತು. ಆ ಕತ್ತಲಲ್ಲಿ, ಮೂವತ್ತು ವರ್ಷ ನಾಲ್ಕು ಮಂದಿಯ ಮುಂದೆ ಅವಳ ಸೆರಗನ್ನೂ ಮುಟ್ಟದ ಮಾಸ್ತರರು ಗುರುಲಿಂಗವ್ವನ ಕೈ ಹುಡುಕಿ ಹಿಡಿದರು. ಅವರ ಹೆಬ್ಬೆರಳು ಅವಳ ತೋರುಬೆರಳ ತುದಿಯನ್ನು ಒತ್ತದೆ, ಉಜ್ಜದೆ, ಗೆರೆಯಿಂದ ಗೆರೆಗೆ ಸರಿಯಿತು. ಹೊರಗೆ ಮಧ್ಯಾಹ್ನದ ಆಟದ ಗಂಟೆ ಬಾರಿಸಿ, ಬಾಗಿಲು ತೆರೆದು ಬೆಳಕು ಬಂದು ಬಿದ್ದರೂ ಅವರು ಆ ಕೈ ಬಿಡಲಿಲ್ಲ.