ನೂರಿಪ್ಪತ್ತು ಆರೋಗ್ಯವಂತೆಯರು

ಲನಿಯಾನಾಳ ರಕ್ತಪರೀಕ್ಷೆಯ ವರದಿಯಲ್ಲಿ ನಕ್ಷತ್ರವಿರಲಿಲ್ಲ. ಅಂಕಿ ಮಿತಿ ದಾಟಿದರೆ ಪಕ್ಕದಲ್ಲೊಂದು ನಕ್ಷತ್ರ ಬೀಳುತ್ತದೆ. ಅದನ್ನು ಕಂಡರೆ ಮಾತ್ರ ಗಾರ್ಮೆಂಟ್ಸಿನವರು ರಜೆ ಕೊಡುವುದು. ಇಲ್ಲದಿದ್ದರೆ ಸೋಮವಾರ ಹೊಲಿಗೆ ಮಷೀನಿನ ಮುಂದೆ ಕೂರಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು.

"ಅಕ್ಕಾ, ನಿನ್ನ ಲ್ಯಾಬೇ ನನ್ನನ್ನ ಗಟ್ಟಿಮುಟ್ಟು ಅಂತಿದೆ ನೋಡು. ಹಾಗಾದ್ರೆ ಕೂದಲುದುರೋದು, ಕೂತಲ್ಲೇ ತೂಕಡಿಸೋದು ಎಲ್ಲಾ ನನ್ನ ನಾಟಕ!" ಲನಿಯಾನಾಳ ಊದಿದ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತು.

ಅಕ್ಕ ವಸೆಮದಾ ಅಂಕಿ ನೋಡಿದಳು. ಥೈರಾಯ್ಡ್ ಪರೀಕ್ಷೆ: ಆರೂ ಮುಕ್ಕಾಲು. ಹೋದ ವರ್ಷ ಮಿತಿ ನಾಲ್ಕಿತ್ತು. ಈಗ ಏಳು. ಆ ಏಳನ್ನು ಹುಟ್ಟಿಸಿದ ಕೈ ತನ್ನದೇ.

"ಬಿಳಿಯರ ಮಿತಿ ನಮಗ್ಯಾಕೆ? ನಮ್ಮ ಸುವಾ ಊರಿನ ಹೆಂಗಸರಿಗೆ ಸುವಾದ್ದೇ ಬೇಕು," ಎಂದಿದ್ದರು ಲ್ಯಾಬಿನ ಮುಖ್ಯಸ್ಥ ಅವಿನೇಶ್. ಆಗ ಅವಳ ಎದೆಯೂ ಉಬ್ಬಿತ್ತು. ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ, ವಯಸ್ಸಿಗೊಂದು ಗುಂಪು. ಗುಂಪಿಗೆ ನೂರಿಪ್ಪತ್ತು ಆರೋಗ್ಯವಂತರು; ಅವರ ರಕ್ತದ ಅಂಕಿಗಳಿಂದಲೇ ಹೊಸ ಮಿತಿ. ನಲವತ್ತು ದಾಟಿದ ಹೆಂಗಸರು ಸಿಗದೆ ಲ್ಯಾಬಿನವರು ಗಾರ್ಮೆಂಟ್ಸಿಗೇ ಹೋದರು. ನಿಂಬೆ ಎಲೆಯ ಚಹಾ, ಬನ್ನು ಕೊಟ್ಟರು. "ಆರೋಗ್ಯವಾಗಿದ್ದೀರಾ?" ಎಂದು ವಸೆಮದಾ ಒಬ್ಬೊಬ್ಬರನ್ನೂ ಕೇಳಿದಳು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದ. ಅವನೆದುರು ಇಲ್ಲವೆನ್ನುವ ಧೈರ್ಯ ಯಾರಿಗಿದೆ? ನೂರಿಪ್ಪತ್ತು ಬಾಯಿಗಳೂ ಹೌದೆಂದವು. ಹದಿನೇಳನೆಯ ಬಾಯಿ ಲನಿಯಾನಾಳದು. ಅಂದೇ ತಂಗಿಯ ಕಾಲು ಊದಿತ್ತು. ಕಂಡೂ ವಸೆಮದಾ ಆರೋಗ್ಯವೆಂದು ಟಿಕ್ ಹಾಕಿದ್ದಳು.

ದಣಿದ ಮೈಗಳನ್ನು ರಾಶಿ ಹಾಕಿ, ಆ ರಾಶಿಗೆ ಆರೋಗ್ಯವೆಂದು ಹೆಸರಿಟ್ಟಿದ್ದರು.

ವಸೆಮದಾ ಅವಿನೇಶ್ ಕೋಣೆಗೆ ನುಗ್ಗಿದಳು. "ಸರ್, ಹದಿನೇಳನೆಯದನ್ನ ತೆಗೀರಿ. ಅವಳಿಗೆ ಹುಷಾರಿರ್ಲಿಲ್ಲ."

"ಒಂದು ತೆಗೆದ್ರೆ ಮಿತಿ ಇಳಿಯುತ್ತಾ?"

"ಎಲ್ಲಾ ತೆಗೀರಿ ಹಾಗಾದ್ರೆ. ಯಾರೂ ನಿಜ ಹೇಳಿಲ್ಲ."

"ಎಲ್ಲದರ ಮೇಲೂ ನಿನ್ನದೇ ಸಹಿ, ವಸೆಮದಾ. ಗೊತ್ತಿದ್ದೂ ತಪ್ಪು ಬರೆದೆ ಅಂತ ಬರ್ಕೊಡು, ಹೊಸದಾಗಿ ಶುರು ಮಾಡೋಣ. ಆದ್ರೆ ನಿನ್ನ ಲೈಸೆನ್ಸ್ ಉಳಿಯಲ್ಲ."

ಬರೆದಳು. ಆದರೆ ಅವರ ಮೇಜಿನ ಮೇಲಿಡಲಿಲ್ಲ. ತಂದು ತಂಗಿಯ ಕೈಗಿಟ್ಟಳು. "ವರದಿ ಜೊತೆ ಇದನ್ನೂ ಆಫೀಸಿಗೆ ಕೊಡು. ರಜೆ ಕೊಡ್ಲೇಬೇಕು."

ಲನಿಯಾನಾ ಎರಡು ಸಲ ಓದಿದಳು. "ಕೊಟ್ರೆ ನಿನ್ನ ಕೆಲಸ?"

"ನನ್ನದು ನಾನು ನೋಡ್ಕೋತೀನಿ."

"ಆಹಾ, ದೊಡ್ಡ ಮಹಾರಾಣಿ."

ಸೋಮವಾರ ಬೆಳಿಗ್ಗೆ ತಂಗಿ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಏದುಸಿರು ಬಿಡುತ್ತ ಗಾರ್ಮೆಂಟ್ಸಿನ ಬಸ್ಸು ಹತ್ತಿದಳು.

"ಕಾಗದ ಎಲ್ಲೇ?" ವಸೆಮದಾ ಕೂಗಿದಳು.

ಲನಿಯಾನಾ ಅಂಗಿಯ ಜೇಬು ತಟ್ಟಿ ತೋರಿಸಿದಳು. "ಭದ್ರವಾಗಿದೆ ಅಕ್ಕಾ. ಇಲ್ಲೇ ಇರ್ಲಿ."