ಪೂಜೆಗಿಟ್ಟ ಆರು ಜಾಕೆಟ್

ಆ ಠಾಣೆಯಲ್ಲಿ ಆರು ಲೈಫ್ ಜಾಕೆಟ್ ಇದ್ದವು. ಕಿತ್ತಳೆ ಬಣ್ಣದವು, ಹೊಳೆಗಿಳಿದವನನ್ನು ಮುಳುಗಲು ಬಿಡದವು. ಏಳು ವರ್ಷದಲ್ಲಿ ಅವಕ್ಕೆ ಒಂದು ಹನಿ ನೀರು ತಾಕಿರಲಿಲ್ಲ, ತಾಕಿದ್ದು ಬರೀ ಗಂಧ, ಕುಂಕುಮ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅವನ್ನು ಬೀರುವಿನಿಂದ ಇಳಿಸಿ, ಬೆಂಕಿ ಆರಿಸುವ ಗಾಡಿಯ ಮುಂದೆ ಸಾಲಾಗಿ ಮಲಗಿಸಿ, ಬೂದುಗುಂಬಳ ಒಡೆದು, ಮಂಗಳಾರತಿ ಮಾಡಿ, ಮತ್ತೆ ಪ್ಲಾಸ್ಟಿಕ್ ಕವರಿಗೆ ತುಂಬಿ ಬೀಗ ಜಡಿಯುತ್ತಿದ್ದರು. ಬೀಗದ ಕೈ ಇಂದ್ರಾಣಿಯ ಸೆರಗಿನ ತುದಿಯಲ್ಲಿ ಗಂಟಾಗಿರುತ್ತಿತ್ತು.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲಾ ಹೊಳೆಗೆ ಎರಡು ಮೈಲಿ ದೂರದಲ್ಲಿದ್ದ ಸಣ್ಣ ಅಗ್ನಿಶಾಮಕ ಠಾಣೆ ಅದು. ಇಂದ್ರಾಣಿ ಅಲ್ಲಿ ಕಸ ಗುಡಿಸುವುದರಿಂದ ಹಿಡಿದು ಫೋನ್ ಎತ್ತುವವರೆಗೆ ಎಲ್ಲ ಮಾಡುತ್ತಿದ್ದಳು. ನೌಕರಿ ಅವಳಿಗೆ ಬಂದದ್ದು ಗಂಡನ ಸಾವಿನಿಂದ. ಗಂಡ ಗುರು ಫೈರ್‌ಮನ್ ಆಗಿದ್ದ. ತೊಂಬತ್ತೆರಡರ ಪ್ರವಾಹದಲ್ಲಿ ನಂಜನಗೂಡಿನ ಹತ್ತಿರ ಒಂದು ಹೆಣ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿತ್ತು. ದಡದಲ್ಲಿ ನಿಂತಿದ್ದ ದೊಡ್ಡ ಮನುಷ್ಯನೊಬ್ಬ, ಸಂಬಂಧಿಕರು ಕಾಯ್ತಾ ಇದ್ದಾರೆ, ಬೇಗ ತೆಗೀರಿ ಅಂದ. ಗುರು ಸೊಂಟಕ್ಕೆ ನೀರಿನ ಪೈಪು ಸುತ್ತಿಕೊಂಡು ನೆಗೆದ. ಹೆಣ ತರಲು ಹೋದವನು ತಾನೇ ಹೆಣವಾಗಿ ಮೂರು ದಿನದ ಮೇಲೆ ನರಸೀಪುರದ ಸಂಗಮದಲ್ಲಿ ಸಿಕ್ಕ. ಸತ್ತವನೇನು ಇನ್ನೊಂದು ಸಲ ಸಾಯುತ್ತಿದ್ದನೇ? ನೀರು ಇಳಿಯುವ ತನಕ ಕಾದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಪ್ರತಿ ವರ್ಷ ಹುತಾತ್ಮರ ದಿನ ಅಂತ ಅವಳನ್ನು ಕರೆದು ಶಾಲು ಹೊದಿಸಲು ಬರುತ್ತಿದ್ದರು. ಅವಳು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು: "ಶಾಲು ಬ್ಯಾಡ ಸಾ, ನೀರಿಗಿಳಿಯೋರ್ಗೆ ಜಾಕೆಟ್ ಕೊಡಿ." ಆರನೇ ವರ್ಷಕ್ಕೆ ಆರು ಜಾಕೆಟ್ ಬಂದವು. ಬಂದವು ನೇರ ಬೀರು ಸೇರಿದವು.

ಠಾಣಾಧಿಕಾರಿ ಗೋವಿಂದಯ್ಯ ಕೆಟ್ಟ ಮನುಷ್ಯನಲ್ಲ. ಹೆದರುಪುಕ್ಕಲ, ಅಷ್ಟೇ. "ಹೊಸಾವು ಕಣಮ್ಮ. ಗಾಡೀಲಿ ಬಿಟ್ರೆ ಇಲಿ ಕಡೀತವೆ. ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ನಾನೇನು ತೋರಿಸ್ಲಿ? ನನ್ನ ಸೈನ್ ಇಲ್ದೆ ಹೊರಗೆ ತೆಗೀಬೇಡ" ಅನ್ನುತ್ತಿದ್ದರು. ಇಂದ್ರಾಣಿ ಒಂದು ಸಲ ಜಗಳ ಮಾಡಿದಳು, ಎರಡನೇ ಸಲವೂ ಮಾಡಿದಳು. ಮೂರನೇ ಸಲ ಸುಮ್ಮನಾದಳು. ಹಾಗೆ ಸುಮ್ಮನಾದದ್ದು ನೆನಪಾದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಎರಡು ಸಾವಿರದ ಐದನೇ ಇಸವಿಯ ಆಗಸ್ಟ್. ಮೇಲೆ ಅಣೆಕಟ್ಟಿನ ಬಾಗಿಲು ತೆಗೆದಿದ್ದರು, ಕಪಿಲೆ ದಡ ಮೀರಿ ಗದ್ದೆಗೆ ನುಗ್ಗಿದ್ದಳು. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಚಿಕ್ಕಮಾದಮ್ಮ ಎಂಬುವಳ ಮಗ ಬಸವಣ್ಣ ಹೊಳೆಯಂಚಿನ ಪಂಪ್‌ಸೆಟ್ ಮೋಟಾರು ಬಿಚ್ಚಿ ತರಲು ಹೋಗಿ ನೀರಿನ ನಡುವೆ ಸಿಕ್ಕಿಕೊಂಡಿದ್ದಾನೆ, ಹೊಂಗೆಮರ ತಬ್ಬಿಕೊಂಡು ನಿಂತಿದ್ದಾನೆ. ಗೋವಿಂದಯ್ಯ ಮೀಟಿಂಗ್ ಅಂತ ಮೈಸೂರಿಗೆ ಹೋಗಿದ್ದರು. ಇಂದ್ರಾಣಿ ಗಂಟೆ ಬಾರಿಸಿ ಬೀಗದ ಕೈ ಬಿಚ್ಚುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಗಾಡಿಯಲ್ಲಿ ನಾಗೇಂದ್ರ ಇದ್ದ. ಹೆಮ್ಮಿಗೆಯವನು, ಈಜುವುದರಲ್ಲಿ ಮೀನು, ಬುದ್ಧಿಯಲ್ಲಿ ಥೇಟ್ ಗುರು. ಎಲ್ಲರಿಗಿಂತ ಮೊದಲು ಅವನೇ ನೆಗೆಯುತ್ತಾನೆ ಎನ್ನುವುದು ಇಂದ್ರಾಣಿಗೆ ಗೊತ್ತಿತ್ತು.

ಸೈನೂ ಇಲ್ಲ, ಗೀನೂ ಇಲ್ಲ. ಬೀರು ತೆಗೆದು, ಆರೂ ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು, ರಸ್ತೆಯಲ್ಲಿ ಸಿಕ್ಕ ಲಗೇಜ್ ಆಟೋ ಹತ್ತಿದಳು.

ದಡದಲ್ಲಿ ಇನ್ನೂರು ಜನ. ಸಿಳ್ಳೆ ಬೇರೆ. ಬಸವಣ್ಣ ನಲವತ್ತು ಮಾರು ದೂರದಲ್ಲಿ ಎದೆಮಟ್ಟದ ನೀರಿನಲ್ಲಿ ಮರ ಹಿಡಿದಿದ್ದ. ನಾಗೇಂದ್ರ ಆಗಲೇ ಅಂಗಿ ಬಿಚ್ಚಿದ್ದ. ಚಿಕ್ಕಮಾದಮ್ಮ ಅವನ ಕಾಲು ಹಿಡಿದುಕೊಂಡು "ನನ್ ಮಗನ್ನ ತಂದ್ಕೊಡಪ್ಪಾ, ಇರೋನು ಒಬ್ನೇ ಕಣಪ್ಪಾ" ಎಂದು ಗೋಳಾಡುತ್ತಿದ್ದಳು. ಬಿಳಿ ಪ್ಯಾಂಟು ಮಡಿಸಿಕೊಂಡು ಕೆಸರು ತಾಗದಂತೆ ಬದುವಿನ ಮೇಲೆ ನಿಂತಿದ್ದ ಪಂಚಾಯ್ತಿ ಮೆಂಬರ್ ಚಂದ್ರಶೇಖರ್ ಕೂಗುತ್ತಿದ್ದ: "ನೆಗಿಯೋ! ಸರ್ಕಾರದ ಸಂಬಳ ತಿನ್ನದು ಯಾತಕ್ಕೆ?"

ಇಂದ್ರಾಣಿ ಓಡಿಹೋಗಿ ನಾಗೇಂದ್ರನ ರಟ್ಟೆ ಹಿಡಿದಳು. "ಇದ ಆಕ್ಕೋ."

"ಟೈಮಿಲ್ಲ ಕಣಕ್ಕ, ಬುಡಿ!"

"ಆಕ್ಕೊಂಡು ಓಗು. ಅಗ್ಗ ಕಟ್ಕೊಂಡು ಓಗು. ಇಲ್ದಿದ್ರೆ ನನ್ನ ತುಳ್ಕೊಂಡು ಓಗು."

ಅವನು ಹಲ್ಲು ಕಡಿದು ಕೈ ತೂರಿಸಿದ. ಮೂರು ಪಟ್ಟಿ, ಮೂರು ಬಕಲ್. ಯಾವುದು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಏಳು ವರ್ಷದಲ್ಲಿ ಒಬ್ಬನೂ ಅದನ್ನು ಮೈಗೆ ಹಾಕಿರಲಿಲ್ಲ. ಒಂದು ಪಟ್ಟಿ ಹಿಂದುಮುಂದಾಯಿತು, ಬಿಚ್ಚಿ ಮತ್ತೆ ತೂರಿಸಿದರು. ಬಕಲ್ಲಿನ ಸಂದಿಯಲ್ಲಿ ಏಳು ಆಯುಧಪೂಜೆಯ ಗಂಧ ಕುಂಕುಮ ಒಣಗಿ ಕಲ್ಲಾಗಿತ್ತು. ಇಂದ್ರಾಣಿ ಉಗುರಿನಿಂದ ಕೆರೆದಳು, ಹಲ್ಲಿನಿಂದ ಕಚ್ಚಿದಳು. ಮೂರು ನಿಮಿಷ ಆಯಿತೋ, ನಾಲ್ಕೋ. ಕೊನೆಯ ಬಕಲ್ ಕಚ್ಚಿಕೊಳ್ಳುವ ಹೊತ್ತಿಗೆ ಜನ ಹೋ ಎಂದರು. ತಿರುಗಿ ನೋಡಿದರೆ ಹೊಂಗೆಮರ ಬೇರುಸಹಿತ ವಾಲುತ್ತಿತ್ತು. ಬಸವಣ್ಣ ದಡದ ಕಡೆ ಒಂದು ಕೈ ಎತ್ತಿದ, ಮರದ ಜೊತೆಗೇ ಹೋದ.

ಗಾಡಿಯ ಹಗ್ಗ ಸೊಂಟಕ್ಕೆ ಬಿಗಿದಿದ್ದ ನಾಗೇಂದ್ರ ನೆಗೆದ. ಮರ ಹೋದ ದಿಕ್ಕಿಗೇ ಈಜಿದ, ಮುಳುಗಿ ಎದ್ದು ತಡಕಾಡಿದ. ತೇಲಿ ಬಂದ ದಿಮ್ಮಿಯೊಂದು ಅವನ ಭುಜಕ್ಕೆ ಬಡಿಯಿತು. ಆಮೇಲೆ ಅವನ ತಲೆ ಕಾಣಲಿಲ್ಲ, ಕಿತ್ತಳೆ ಬಣ್ಣ ಮಾತ್ರ ಕಂಡಿತು. ಎಂಟು ಜನ ಸೇರಿ ಹಗ್ಗ ಎಳೆದರು. ಬರಿಗೈಯಲ್ಲಿ ಬಂದವನು ದಡದಲ್ಲಿ ಬಿದ್ದು ನೀರು ಕಾರಿಕೊಂಡ.

ಚಿಕ್ಕಮಾದಮ್ಮ ಎದ್ದು ಬಂದು ಇಂದ್ರಾಣಿಯ ಕೆನ್ನೆಗೆ ಹೊಡೆದಳು. "ಇಡ್ಕಂಡ್ಯಲ್ಲೇ! ಓಗೋನ್ನ ಇಡ್ಕಂಡ್ಯಲ್ಲೇ! ನಿನ್ ಕೈ ಸೇದೋಗ!" ಇಂದ್ರಾಣಿ ಕದಲಲಿಲ್ಲ. ಆ ತಾಯಿಗೆ ಕೊಡಲು ಅವಳ ಹತ್ತಿರ ಒಂದು ಮಾತೂ ಇರಲಿಲ್ಲ.

ಚಂದ್ರಶೇಖರನಿಗೆ ಕೊಡಲು ಇತ್ತು. ಅವನು ಬದುವಿನ ಮೇಲಿಂದಲೇ ಅಂದ: "ಗುರು ಎಂಡ್ತಿ ಆಗಿ ಇಂಥ ಕೆಲ್ಸ ಮಾಡ್ದಲ್ಲವ್ವ. ಅವನಾಗಿದ್ರೆ ಆಗ್ಲೇ ನೆಗ್ದಿರೋನು."

"ಊ ಕಣಯ್ಯ, ನೆಗ್ದಿರೋನು! ಅದಕ್ಕೇ ಫೋಟೋ ಆಗಿ ಗೋಡೆ ಮ್ಯಾಲವ್ನೆ! ಪಕ್ಕದಲ್ಲಿ ಇನ್ನೊಂದ್ ಫೋಟೋ ಬೇಕಿತ್ತಾ ನಿಂಗೆ? ಆರ ಆಕಿ ಭಾಷಣ ಮಾಡಕ್ಕೆ? ಇನ್ನೂರ್ ಜನ ನಿಂತಿದ್ದೀರಲ್ಲ, ಒಬ್ನಾದ್ರೂ ಮನೆಯಿಂದ ಒಂದ್ ಅಗ್ಗ ತಂದ್ನಾ? ಒಂದ್ ಟ್ಯೂಬ್ ತಂದ್ನಾ? ನಿಮ್ ಪ್ಯಾಂಟ್ ಒದ್ದೆಯಾಗ್ಬಾರ್ದು, ಈ ನಾಗೇಂದ್ರನ್ ಎಂಡ್ತಿ ಮಾತ್ರ ಮುಂಡೆಯಾಗ್ಬೇಕು, ಅಲ್ವಾ?"

ಸಿಳ್ಳೆ ನಿಂತಿತು.

ಗಾಡಿಯಲ್ಲಿ ವಾಪಸು ಬರುವಾಗ ನಾಗೇಂದ್ರ ಅವಳ ಮುಖ ನೋಡದೆ ಹೇಳಿದ: "ಬುಟ್ಟಿದ್ರೆ ತತ್ತಿದ್ದೆ. ಅವ್ನು ನನ್ನೇ ನೋಡ್ತಿದ್ದ ಕಣಕ್ಕ. ಇನ್ನು ನಿಮ್ ಕೈಲಿ ನೀರೂ ಇಸ್ಕಳಲ್ಲ ನಾನು." ತರುತ್ತಿದ್ದನೇನೋ. ಅವನೂ ಹೋಗುತ್ತಿದ್ದನೇನೋ. ಇಂದ್ರಾಣಿಗೆ ಗೊತ್ತಿರಲಿಲ್ಲ, ಗೊತ್ತಿದೆಯೆಂದು ಅವಳು ನಟಿಸಲೂ ಇಲ್ಲ.

ಮಾರನೇ ದಿನ ಬೆಳಿಗ್ಗೆ ನಾಗೇಂದ್ರನ ಹೆಂಡತಿ ರಂಜಿನಿ ಅವನು ಬಿಟ್ಟುಬಂದಿದ್ದ ಊಟದ ಡಬ್ಬಿ ಕೊಡಲು ಬಂದಳು. ಕಣ್ಣು ಊದಿತ್ತು. "ಏನಂದ್ರಕ್ಕ ಅವರಿಗೆ? ಉಣ್ಣಕ್ಕಿಕ್ಕಿದ್ರೆ ತಟ್ಟೆ ಎಸುದ್ರು. ನಿಮ್ಮನ್ನೂ ಬೋದ್ರು, ನನ್ನೂ ಬೋದ್ರು."

"ಬೋಯ್ಲಿ ಬುಡವ್ವ" ಎಂದಳು ಇಂದ್ರಾಣಿ. "ಬೋಯ್ಯಕ್ಕಾದ್ರೂ ಮನೆಗ್ ಬಂದವ್ನಲ್ಲ, ಸಾಕು." ಇದೇ ಮಾತನ್ನು ಚಿಕ್ಕಮಾದಮ್ಮನ ಮನೆ ಮುಂದೆ ನಿಂತು ಹೇಳುವ ಮುಖ ತನಗಿಲ್ಲ ಎನ್ನುವುದು ಆಡುತ್ತಿರುವಾಗಲೇ ಅವಳಿಗೆ ಚುಚ್ಚಿತು.

ಗೋವಿಂದಯ್ಯ ಬಂದವರೇ ಬೀರು ನೋಡಿದರು. "ನನ್ನ ಸೈನ್ ಇಲ್ದೆ ಹೇಗೆ ತೆಗೆದೆ? ಮೆಮೊ ಕೊಡ್ಬೇಕಾಗುತ್ತೆ ನೋಡು. ಮೊದ್ಲು ಒಣಗಿಸಿ ಒಳಗಿಡು."

"ಕೊಡಿ ಸಾ, ಮೆಮೊ ಕೊಡಿ. ಉತ್ರ ಬರೀತೀನಿ. ಬೀಗ ಆಕ್ಸಿದ್ದು ನೀವು, ಕೀ ಇಟ್ಕೊಂಡು ಸುಮ್ನಿದ್ದೋಳು ನಾನು, ನಮ್ಮಿಬ್ರಿಂದ ಬಸವಣ್ಣ ಸತ್ತ ಅಂತ ಬರೀತೀನಿ. ಸೈನ್ ಆಕ್ತೀರಾ?"

ಗೋವಿಂದಯ್ಯ ಮೆಲ್ಲಗೆ ಹೊರಗೆ ನಡೆದರು. ಇಂದ್ರಾಣಿ ಆರೂ ಜಾಕೆಟ್ಟನ್ನು ಅಂಗಳಕ್ಕೆ ತಂದು ಹಾಕಿದಳು. ಅಷ್ಟೊತ್ತಿಗೆ ಬಕಲ್ಲುಗಳ ಕುಂಕುಮವನ್ನು ಪಿನ್ನಿನಿಂದ ಕೆದಕಿ ತೆಗೆದಾಗಿತ್ತು. ಗೋಡೆಯ ಗಡಿಯಾರ ಇಳಿಸಿ ಕೈಯಲ್ಲಿ ಹಿಡಿದುಕೊಂಡು ಕೂಗಿದಳು: "ಬನ್ರೋ ಎಲ್ಲ! ಆಕ್ಕಳಿ!"

ಕಸ ಗುಡಿಸುವವಳು ಆರ್ಡರ್ ಮಾಡುವುದೇ? ಫೈರ್‌ಮನ್‌ಗಳೆಲ್ಲ ಗೋವಿಂದಯ್ಯನ ಮುಖ ನೋಡಿದರು. ಗೋವಿಂದಯ್ಯ ನೆಲ ನೋಡಿದರು. ಒಬ್ಬೊಬ್ಬರೇ ಬಂದರು.

ಮೊದಲನೆಯವನಿಗೆ ಎರಡೂವರೆ ನಿಮಿಷ ಹಿಡಿಯಿತು. "ಬಸವಣ್ಣ ಸತ್ತ" ಎಂದಳು ಇಂದ್ರಾಣಿ. "ಬಿಚ್ಚು. ಇನ್ನೊಂದ್ ಸಲ." ಇನ್ನೊಬ್ಬನಿಗೆ ಎರಡು ನಿಮಿಷ. "ಬಸವಣ್ಣ ಸತ್ತ. ಬಿಚ್ಚು. ಇನ್ನೊಂದ್ ಸಲ." ಬಿಸಿಲೇರಿತು, ಬೆವರಿಳಿಯಿತು. ಒಬ್ಬನೂ ನಗಲಿಲ್ಲ.

ಕೊನೆಗೆ ನಾಗೇಂದ್ರ ಬಂದ. ನೋಯುತ್ತಿದ್ದ ಭುಜದಲ್ಲೇ ಕೈ ತೂರಿಸಿ, ಪಟ್ಟಿ ಎಳೆದು, ಮೂರು ಬಕಲ್ ಹಾಕಿದ. ಮೂವತ್ತು ಸೆಕೆಂಡ್. ನಿನ್ನೆಯಿಂದ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

"ಈಗೇನಂತೀರಿ?"

ಇಂದ್ರಾಣಿ ಗಡಿಯಾರದ ಮುಳ್ಳು ನೋಡಿದಳು.

"ಈಗ್ಲೂ ಸತ್ತೇ ಅವ್ನೆ ಕಣೋ" ಎಂದಳು. "ಬಿಚ್ಚು. ಇನ್ನೊಂದ್ ಸಲ."